ಹಿಮದೂರಿನಿಂದ ಒಬ್ಬಳೇ ಬಂದವಳು

ಜನವರಿಯ ಮೊದಲ ವಾರ, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೃಣಾಲಿನಿ ಧಾರವಾಡದ ಸ್ಟೇಷನ್ನಿನಲ್ಲಿ ಒಬ್ಬಳೇ ಇಳಿದಳು. ಮಾಳಮಡ್ಡಿಯ ಅವಳ ಓಣಿಯವರು ಮೊದಲು ಕೈಗೆ ಏನಾಯಿತೆಂದು ಕೇಳಿದರು, ಆಮೇಲೆ ಗಂಡ ಎಲ್ಲಿ ಎಂದರು. ಎದುರು ಮನೆಯ ಸುಕನ್ಯಾಳಿಗೆ ಅಷ್ಟು ತಾಳ್ಮೆ ಇರಲಿಲ್ಲ.

"ಅಯ್ಯ, ಸರ್ ಎಲ್ಲೆ ಮೃಣಾಲಿನಿಬಾಯಿ? ಆ ಬರ್ಫದಾಗ ಅವರೊಬ್ಬರನ್ನ ಬಿಟ್ಟು ಬಂದ್ರೇನು?"

"ಹೂಂನವಾ, ಬಿಟ್ಟು ಬಂದೆ," ಎಂದು ಮೃಣಾಲಿನಿ ಬಾಗಿಲ ಕೀಲಿ ತೆಗೆದಳು.

ಅವಳ ಗಂಡ ಪಂಢರಿನಾಥ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಪ್ರತಿ ಮೇ ತಿಂಗಳು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಿಮಾಲಯಕ್ಕೆ ಹೋಗುತ್ತಿದ್ದ. ತಿರುಗಿ ಬಂದ ಮೇಲೆ ವಾರಗಟ್ಟಲೆ ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನಿವೃತ್ತನಾದದ್ದೇ ತಡ, ಹಿಮಾಚಲದ ಒಂದು ಬೆಟ್ಟದೂರಿನಲ್ಲಿ ಟೇಕರಾಮ ಎಂಬ ಸೇಬು ಬೆಳೆಗಾರನಿಂದ ಕಲ್ಲು ಕಟ್ಟಿಗೆಯ ಎರಡು ಕೋಣೆಯ ಮನೆಯನ್ನು ಐದು ವರ್ಷಕ್ಕೆ ಬಾಡಿಗೆ ಹಿಡಿದ. ಕರಾರಿಗೆ ಸಹಿ ಹಾಕಿ ಬಂದು, "ಹೋಗೂಣಲ್ಲ?" ಎಂದ. ಅವಳೂ ಅಂಚೆ ಕಚೇರಿಯ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದಳು. ಮಕ್ಕಳಿರಲಿಲ್ಲ. ಬೇಡವೆನ್ನಲು ಕಾರಣ ಸಿಗಲಿಲ್ಲ, ಹೂಂ ಎಂದಳು.

ಅಲ್ಲಿ ಬೇಸಿಗೆ ಚೆನ್ನಾಗಿಯೇ ಕಳೆಯಿತು. ಡಿಸೆಂಬರಿನಲ್ಲಿ ಮೊದಲ ಹಿಮ ಬಿದ್ದ ಮುಂಜಾನೆ ಅವಳೂ ಸಣ್ಣ ಹುಡುಗಿಯಂತೆ ಹೊರಗೆ ಓಡಿದ್ದಳು. ನಾಲ್ಕನೆಯ ದಿನಕ್ಕೆ ನಳದ ನೀರು ಹೆಪ್ಪುಗಟ್ಟಿತು. ಪಾತೇಲಿಯಲ್ಲಿ ಹಿಮ ತುಂಬಿ, ಒಲೆಯ ಮೇಲಿಟ್ಟು ಕರಗಿಸಿ, ಅದರಲ್ಲೇ ಚಹಾ, ಅದರಲ್ಲೇ ಪಾತ್ರೆ ತೊಳೆಯುವುದು. ಪಾಯಖಾನೆಗೆ ಹೋಗಬೇಕೆಂದರೆ ಹಿಂದಿನ ಹನ್ನೆರಡು ಕಲ್ಲು ಮೆಟ್ಟಿಲು ಇಳಿಯಬೇಕು. ಸಂಜೆ ನಾಲ್ಕಕ್ಕೇ ಬಿಸಿಲು ಗುಡ್ಡದ ಹಿಂದೆ ಸರಿಯುತ್ತಿತ್ತು. ಪಂಢರಿನಾಥ ಶಾಲು ಹೊದ್ದು ಕಿಟಕಿಯ ಹತ್ತಿರ ಕೂತರೆ ತಾಸುಗಟ್ಟಲೆ ಮಾತಿಲ್ಲ. ಅವನಿಗೆ ಅದೇ ಸುಖ. ಆ ಊರಿನಲ್ಲಿ ಅವಳಿಗೆ ಕನ್ನಡ ಮಾತಾಡಲು ಇದ್ದವನು ಅವನೊಬ್ಬನೇ. ಒಂದು ದಿನ ಒಲೆಗೆ ಕಟ್ಟಿಗೆ ಇಡುತ್ತ, ತಾನು ಕಟ್ಟಿಗೆಯ ಜೊತೆ ಮಾತಾಡುತ್ತಿದ್ದೇನೆಂದು ಗೊತ್ತಾಗಿ ಗಾಬರಿಯಾದಳು.

ತಿಂಗಳ ಕೊನೆಗೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಟೇಕರಾಮ ಜೀಪಿನಲ್ಲಿ ಇಬ್ಬರನ್ನೂ ಕೆಳಗಿನ ಪೇಟೆಯ ದವಾಖಾನೆಗೆ ಕರೆದೊಯ್ದ. ಪ್ಲಾಸ್ಟರ್ ಹಾಕಿ ಮುಗಿದಾಗ ಅವಳು, "ನಾ ಮನಿಗೆ ಹೋಗ್ತೇನ್ರಿ," ಎಂದಳು. ಪಂಢರಿನಾಥ ಜೀಪಿನ ಕಡೆ ನೋಡಿದ.

"ಅಲ್ಲೆ ಅಲ್ಲ. ಧಾರವಾಡಕ್ಕ."

"ಇನ್ನೆರಡ ತಿಂಗಳ ತಡಿ. ಮಾರ್ಚಿಗೆ ಬಿಸಲ ಬರ್ತದ."

"ನೀವೂ ಬರ್ರಿ."

"ನಾ ಬರಂಗಿಲ್ಲ. ಇದಕ್ಕಂತನ ಇಷ್ಟ ವರ್ಷ ಕಾದೇನಿ."

ಮರುದಿನ ಅವನೇ ಬಸ್ಸಿಗೆ ಹತ್ತಿಸಿದ. ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದ.

ಮಾಳಮಡ್ಡಿಗೆ ದಿನಾ ಮುಂಜಾನೆ ಫೋನು ಬರುತ್ತಿತ್ತು. ನಾಷ್ಟಾ ಆತು, ಥಂಡಿ ಅದ, ಅಷ್ಟೇ. ಜನವರಿ ಇಪ್ಪತ್ತರ ನಂತರ ಅದೂ ನಿಂತಿತು. ಅವನ ಫೋನೂ ಹತ್ತಲಿಲ್ಲ, ಟೇಕರಾಮನದೂ ಹತ್ತಲಿಲ್ಲ. ಟೀವಿಯಲ್ಲಿ ಆ ಕಡೆಯ ರಸ್ತೆಗಳು ಮುಚ್ಚಿವೆ, ವಿದ್ಯುತ್ ಕಂಬಗಳು ಉರುಳಿವೆ ಎಂದು ಹೇಳುತ್ತಿದ್ದರು. ಅವಳು ತಾಸಿಗೊಮ್ಮೆ ಎರಡೂ ನಂಬರು ಒತ್ತುತ್ತಿದ್ದಳು. ಹುಬ್ಬಳ್ಳಿಯಿಂದ ತಂಗಿಯ ಮಗಳು ಸುರಭಿ ಬಂದು ಜೊತೆಗಿದ್ದಳು.

"ಏನಾರ ಹೆಚ್ಚುಕಡಿಮಿ ಆದ್ರ ಜನಾ ನಿಮಗನ ಅಂತಾರ ನೋಡ್ರಿ," ಎಂದಳು ಸುಕನ್ಯಾ.

"ಜನಾ ಯಾಕವಾ, ನಾನ ಅಂದ್ಕೊಳ್ಳಾಕತ್ತೇನಿ."

ಒಂಬತ್ತನೆಯ ದಿನ ಟೇಕರಾಮನ ಫೋನು ಬಂತು. ಮಾಸ್ತರರಿಗೆ ನ್ಯುಮೋನಿಯಾ ಆಗಿದೆ, ನಾಲ್ಕು ದಿನ ನಮ್ಮ ಅಡಿಗೆಮನೆಯಲ್ಲೇ ಇಟ್ಟುಕೊಂಡಿದ್ದೆವು, ನಿನ್ನೆ ರಸ್ತೆ ತೆರೆದ ಮೇಲೆ ದವಾಖಾನೆಗೆ ಸೇರಿಸಿದ್ದೇವೆ ಎಂದು ಹಿಂದಿಯಲ್ಲಿ ಹೇಳಿದ. ಪ್ಲಾಸ್ಟರಿನ ಕೈಯಲ್ಲೇ ಅವಳು ಸುರಭಿಯನ್ನು ಕರೆದುಕೊಂಡು ಹೊರಟಳು.

ದವಾಖಾನೆಯ ಮಂಚದ ಮೇಲಿದ್ದ ಪಂಢರಿನಾಥನಿಗೆ ಗಡ್ಡ ಬೆಳೆದು ಗಲ್ಲ ಒಳಸೇರಿತ್ತು. "ಮೂರು ದಿನ ಒಲಿ ಹಚ್ಚಲಿಲ್ಲ. ಏಳಾಕನ ಆಗಲಿಲ್ಲ," ಎಂದ. "ಹೊಗಿ ಕಾಣಲಿಲ್ಲಂತ ಟೇಕರಾಮ ನೋಡಾಕ ಬಂದ."

ದಾರಿಯುದ್ದಕ್ಕೂ ಅವಳು ಬೈಗುಳ ಕೂಡಿಹಾಕಿಕೊಂಡು ಬಂದಿದ್ದಳು. ಅವನ ಮುಖ ನೋಡಿದ ಮೇಲೆ ಬಾಯಿಗೆ ಬಂದದ್ದು ಬೇರೆಯೇ.

"ನನಗ ಈ ಊರು ಮೊದಲಿಂದನೂ ಬ್ಯಾಡಾಗಿತ್ತು."

"ಹಂಗಂದ್ರ ಅವತ್ತ ಯಾಕ ಹೂಂ ಅಂದಿ?"

"ಸಹಿ ಹಾಕಿ ಬಂದ ಮ್ಯಾಲೆ ಕೇಳಿದ್ರಿ."

ಅವನು ಗೋಡೆಯ ಕಡೆ ಹೊರಳಿದ. ಆಮೇಲೆ ಈ ಕಡೆ ತಿರುಗಿ ಕೈ ಚಾಚಿ, ಪ್ಲಾಸ್ಟರಿನಾಚೆ ಕಾಣುತ್ತಿದ್ದ ಅವಳ ಬೆರಳುಗಳನ್ನು ಹಿಡಿದುಕೊಂಡ. "ಭಾಳ ನೋಯ್ತದೇನು?"

ಗುಣವಾಗುತ್ತಲೇ ಧಾರವಾಡಕ್ಕೆ ಕರೆತಂದರು. ಇನ್ನು ಚಳಿಗಾಲ ಅಲ್ಲಿ ಕಳೆಯುವ ಮಾತೇ ಇಲ್ಲವೆಂದು ಸತ್ತೂರಿನ ದವಾಖಾನೆಯ ಡಾಕ್ಟರರು ಖಂಡಿತವಾಗಿ ಹೇಳಿದರು. ಅವನು ವಾದಿಸಲಿಲ್ಲ. ಫೋನಿನಲ್ಲೇ ಕರಾರು ಮುರಿದ. ಆಮೇಲೆ ಮುಂಜಾನೆ ಸಂಜೆ ತಪ್ಪದೆ ವಾಕಿಂಗಿಗೆ ಹೋದ, ಬಡಿಸಿದ್ದನ್ನು ಉಂಡ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಮೃಣಾಲಿನಿಗೆ ತಾನು ಬೇಡಿದ್ದು ಸಿಕ್ಕಿತ್ತು. ಮನೆಯಲ್ಲಿ ಮಾತ್ರ ಉಸಿರು ಕಟ್ಟುತ್ತಿತ್ತು.

ಏಪ್ರಿಲಿನಲ್ಲಿ, ಡಾಕ್ಟರರನ್ನು ಕೇಳಿಕೊಂಡು, ಅವಳೇ ತನ್ನ ಹರಕುಮುರುಕು ಹಿಂದಿಯಲ್ಲಿ ಟೇಕರಾಮನೊಡನೆ ಮಾತಾಡಿ ಬೇಸಿಗೆಯ ಎರಡು ತಿಂಗಳಿಗೆ ಅದೇ ಮನೆ ಹಿಡಿದಳು.

"ನೀವು ಹೋಗಿ ಬರ್ರಿ."

"ನೀ?"

"ನಾ ಇಲ್ಲೇ ಇರ್ತೇನಿ."

ಮೇ ಎರಡಕ್ಕೆ ಅವನು ಹೋದ. ಜೂನ್ ಕೊನೆಗೆ ಬರುತ್ತೇನೆಂದಿದ್ದಾನೆ. ಬರುತ್ತಾನೋ, ಹಟ ಹಿಡಿದು ಅಲ್ಲೇ ಉಳಿಯುತ್ತಾನೋ ಎಂಬ ಹೆದರಿಕೆ ಅವಳನ್ನು ಬಿಟ್ಟಿಲ್ಲ. ಓಣಿಯಲ್ಲಿ ಯಾರಾದರೂ ಕೇಳಿದರೆ, ಟಿಕೆಟ್ ಎರಡೂ ಕಡೆಯದು ತೆಗೆಸಿದ್ದೇನೆ ಎನ್ನುತ್ತಾಳೆ.