ಶುಕ್ರವಾರದ ರಂಗೋಲಿ

ಆ ನೇಪಾಳದ ಹೆಂಗಸು ಏನೂ ತಪ್ಪು ಮಾಡಲಿಲ್ಲ. ತಪ್ಪು ನನ್ನದು. ರಂಗೋಲಿ ಹಾಕುವುದನ್ನು ಕಲಿಸಿದ್ದೆ, ಯಾವಾಗ ಹಾಕಬಾರದು ಅನ್ನುವುದನ್ನು ಕಲಿಸಿರಲಿಲ್ಲ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಶಂಕರಪುರದ ನಮ್ಮ ಬೀದಿಯವರು ಸೇರಿಸಿದ್ದು.

ಮೂರು ವರ್ಷದ ಹಿಂದೆ ನನ್ನ ಮಂಡಿ ಕೈಕೊಟ್ಟಿತು. ಮೂಲೆಯ ಹೊಸ ಫ್ಲ್ಯಾಟಿನ ವಾಚ್‌ಮನ್ ಹೆಂಡತಿ ನಮ್ಮಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳಿಗೇ ಕಲಿಸಿದೆ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು, ಅವಳದು ಅಷ್ಟೂ ಇಲ್ಲ. ಚುಕ್ಕಿ ಎಣಿಸಲು ಅಷ್ಟು ಓದು ಬೇಡ. ಹಿತ್ತಲ ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ತಿಂಗಳು ತಿದ್ದಿಸಿದೆ. ಕೈ ಚೆನ್ನಾಗಿತ್ತು. ಎದುರು ಮನೆಯಾಕೆ ನೋಡಿ ತನಗೂ ಬೇಕೆಂದಳು, ಆಮೇಲೆ ಪಕ್ಕದವರು. ಕೊನೆಗೆ ಐದು ಮನೆಯ ಬಾಗಿಲು ಅವಳ ಕೈಗೆ ಬಂತು. ಸೊಸೆಯಂದಿರಿಗೆ ಪುರುಸೊತ್ತಿರಲಿಲ್ಲ, ಅತ್ತೆಯಂದಿರಿಗೆ ಮಂಡಿ ಇರಲಿಲ್ಲ. ಪ್ರತಿ ರಂಗೋಲಿಯ ಮೂಲೆಗೆ ಅವಳು ಒಂದು ಸಣ್ಣ ಎಲೆ ಬಿಡಿಸುತ್ತಿದ್ದಳು. ಅದು ನಾನು ಹೇಳಿಕೊಟ್ಟದ್ದಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ನನ್ನ ಗಂಡ ಶುಕ್ರವಾರ ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೋದರು. ನೆಂಟರಿಗೆ, ಪುರೋಹಿತರಿಗೆ, ಐಸ್ ಪೆಟ್ಟಿಗೆಯವನಿಗೆ ಎಲ್ಲರಿಗೂ ಫೋನ್ ಹೋಯಿತು. ಅವಳಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮನೆಗೆ ಬೀಗ ಇತ್ತು. ಅವಳು ದಿನದಂತೆ ಬಂದಳು, ಗುಡಿಸಿ ನೀರು ಹಾಕಿದಳು, ಎಂಟು ದಳದ ದೊಡ್ಡ ಕಮಲ ಬಿಡಿಸಿ ನಡುವೆ ಅರಿಶಿನ ಕುಂಕುಮ ಇಟ್ಟಳು. ಏಳು ಗಂಟೆಗೆ ಹೆಣದ ಗಾಡಿ ಬಂದು ಅದರ ಮುಂದೆಯೇ ನಿಂತಿತು.

ನಾದಿನಿ ಕಿರುಚಿದಳು. "ಅಯ್ಯೋ, ಸಾವಾಗಿರೋ ಮನೆ ಮುಂದೆ ಹಬ್ಬ ಮಾಡವ್ಳಲ್ಲೇ! ಯಾರೇ ಅದು?"

ಅವಳು ಕಾಂಪೌಂಡಿನ ಹತ್ತಿರ ರಂಗೋಲಿ ಡಬ್ಬ ಹಿಡಿದು ನಿಂತಿದ್ದಳು. "ಶುಕ್ರವಾರ ದೊಡ್ಡದು ಹಾಕು ಅಂತ ಅಜ್ಜಿ ಹೇಳಿದ್ದು," ಅಂದಳು.

ಎಲ್ಲರೂ ನನ್ನ ಮುಖ ನೋಡಿದರು. ಹೇಳಿದ್ದು ನಿಜ. ಬಾಯಿ ಬಿಡಲಿಲ್ಲ. ಕಮಲವನ್ನೇ ನೋಡುತ್ತಿದ್ದೆ. ಒಂದು ಗೆರೆಯೂ ಸೊಟ್ಟ ಇರಲಿಲ್ಲ. ಮಗ ಎರಡು ಬಕೆಟ್ ನೀರು ಸುರಿದ. ಅರಿಶಿನ ಪೂರ್ತಿ ಹೋಗಲಿಲ್ಲ, ಅದರ ಮೇಲೆಯೇ ಅವರನ್ನು ಇಳಿಸಿದರು. ನನಗೆ ಅಳು ಬರಲಿಲ್ಲ. ಬಂದವರು ಅದನ್ನೂ ಗಮನಿಸಿದರು.

ಮೂರನೇ ದಿನ ಅವಳು ಹಿತ್ತಲ ಬಾಗಿಲಿಗೆ ಪಾತ್ರೆಗೆ ಬಂದಳು. ನಾನು ಮೊಸರನ್ನ, ಉಪ್ಪಿನಕಾಯಿ ತಿನ್ನುತ್ತಿದ್ದೆ. ತಟ್ಟೆ ನೋಡಿ ಬಾಯಿ ಮುಚ್ಚಿಕೊಂಡಳು.

"ಅಜ್ಜಿ, ಉಪ್ಪು ತಿಂತೀರಾ?"

"ಯಾಕೆ?"

"ನಮ್ಮ ಊರಲ್ಲಿ ಗಂಡ ಸತ್ತರೆ ಹದಿಮೂರನೇ ದಿನದ ತನಕ ಉಪ್ಪು ಇಲ್ಲ. ತಿಂದ್ರೆ ದೊಡ್ಡ ಪಾಪ."

"ನಮ್ಮಲ್ಲಿ ತಿಂತಾರೆ. ಪಾತ್ರೆ ತೊಳಿ."

ತೊಳೆದು ಹೋದಳು. ಅವಳ ಲೆಕ್ಕದಲ್ಲಿ ನಾನು ಮಾಡಿದ್ದು ರಂಗೋಲಿಗಿಂತ ದೊಡ್ಡ ತಪ್ಪು. ಆದರೂ ಬೀದಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಹೇಳಿದ್ದರೆ ನನ್ನ ಕಿವಿಗೆ ಬರುತ್ತಿತ್ತು, ನಮ್ಮ ಬೀದಿ ನನಗೆ ಗೊತ್ತು.

ಹನ್ನೆರಡನೇ ದಿನ ಸಂಜೆ ಎದುರು ಮನೆಯಾಕೆ ಬಂದಳು. ಕೈಯಲ್ಲಿ ಸುತ್ತಿದ ಪ್ಲಾಸ್ಟಿಕ್ಕು.

"ಅಮ್ಮ, ನಾಳೆ ಸೂತಕ ಕಳೆದು ನಿಮ್ಮನೇಲಿ ಶುಭ ಅಲ್ವಾ. ಈ ರಂಗೋಲಿ ಸ್ಟಿಕ್ಕರ್ ಅಂಟಿಸ್ಕೊಳ್ಳಿ, ವರ್ಷ ಬರತ್ತೆ. ನಾವು ನಾಲ್ಕೂ ಮನೆಯೋರು ಆ ಗೂರ್ಖನ ಹೆಂಡ್ತೀನ ಬಿಟ್ಬಿಡೋಣ ಅಂತ ಮಾತಾಡ್ಕೊಂಡಿದೀವಿ. ನಿಮ್ಮ ಮನಸ್ಸಿಗೆ ನೋವಾಗಿದೆಯಲ್ಲ, ಅದಕ್ಕೇ."

"ನನಗೆ ನೋವಾಗಿದೆ ಅಂತ ಯಾರು ಹೇಳಿದ್ದು?"

"ಹೇಳ್ಬೇಕಾ ಅಮ್ಮ? ಎಲ್ಲಿಂದಲೋ ಬಂದೋರು, ನಮ್ಮ ಪದ್ಧತಿ ಅವರಿಗೇನು ತಿಳಿಯತ್ತೆ?"

ನಾನು ಸ್ಟಿಕ್ಕರ್ ಇಸಕೊಂಡೆ. ಈ ಮನೆಗಳ ಕೆಲಸ ಹೋದರೆ ವಾಚ್‌ಮನ್ ಸಂಬಳ ಒಂದರಲ್ಲೇ ಅವರು ಇಲ್ಲಿ ಬದುಕಲಾರರು, ಊರಿಗೆ ಹಿಂತಿರುಗಬೇಕು. ಅದು ಎದುರು ಮನೆಯಾಕೆಗೂ ಗೊತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಅದು ಎರಡನೇ ಸಲ.

ಮಾರನೇ ಬೆಳಿಗ್ಗೆ ಐದಕ್ಕೆ ಎದ್ದು ಸ್ಟಿಕ್ಕರನ್ನು ಕಸದ ಬುಟ್ಟಿಗೆ ಹಾಕಿದೆ. ಫ್ಲ್ಯಾಟಿನವರೆಗೆ ನಡೆದು ಅವರ ಶೆಡ್ಡಿನ ಬಾಗಿಲು ಬಡಿದೆ.

"ಏಳೇ. ಇವತ್ತು ಹಾಕ್ಬೇಕು."

ಅವಳು ಡಬ್ಬ ತಂದಳು. ನಾನು ಗೇಟಿನ ಪಕ್ಕ ಸ್ಟೂಲ್ ಹಾಕಿ ಕೂತು ಹೇಳಿದೆ. ಸಾವಾದ ಮನೆಗೆ ಹಾಕಬಾರದು, ತಿಥಿಯ ದಿನ ಹಾಕಬಾರದು, ಬೀಗ ಹಾಕಿದ್ದರೆ ಕೇಳದೆ ಹಾಕಬಾರದು. ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದೆ.

ನಮ್ಮದು ಮುಗಿದ ಮೇಲೆ ಅವಳು ಮನೆಗೆ ಹೊರಟಳು. "ಎಲ್ಲಿಗೆ? ಎದುರುಗಡೆ ಯಾರು ಹಾಕ್ತಾರೆ, ನಾನಾ?" ಅಂದೆ. ಸ್ಟೂಲ್ ಎತ್ತಿಕೊಂಡು ಹೋಗಿ ಆ ಗೇಟಿನ ಮುಂದೆ ಕೂತೆ. ಎದುರು ಮನೆಯಾಕೆ ಬಾಗಿಲು ತೆಗೆದಳು. ಬೆಳಗಾಗುತ್ತಲೇ ಎದುರಿಗೆ ಬರಿ ಹಣೆಯ ಮುದುಕಿ, ಗಂಡ ಸತ್ತು ಹದಿಮೂರು ದಿನ. ಅಂಥ ಮುಖ ನೋಡಬಾರದು ಅನ್ನುವ ಪದ್ಧತಿ ಆಕೆಗೆ ಗೊತ್ತು.

"ಅವಳು ಹಾಕೋ ತನಕ ಇಲ್ಲೇ ಇರ್ತೀನಿ. ದಿನಾ ಬರ್ತೀನಿ," ಅಂದೆ.

ಆಕೆ ಒಳಗೆ ಹೋಗಿ ನೀರಿನ ಬಕೆಟ್ ತಂದಿಟ್ಟಳು.

ಅವಳು ಚುಕ್ಕಿ ಇಟ್ಟು ಗೆರೆ ಎಳೆದಳು, ಮೂಲೆಗೆ ಎಲೆ ಬಿಡಿಸಿದಳು. ಕೈ ಒರೆಸಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ ಅಂದಳು, "ಅಜ್ಜಿ, ಇವತ್ತಿಂದ ಉಪ್ಪು ತಿನ್ನಬಹುದು."

"ತಿಂತೀನಿ," ಅಂದೆ. ಪಕ್ಕದ ಮನೆಗೆ ಸ್ಟೂಲ್ ಎತ್ತಿಕೊಂಡೆ.