ನೈಟಿಯಲ್ಲಿ ಸುತ್ತಿದ ಬಾಟಲಿ

ಫ್ರಾನ್ಸಿಗೆ ಹೋಗಿದ್ದು ನಾಲ್ಕೇ ದಿನದ ಮಟ್ಟಿಗೆ. ಅಲ್ಲಿ ಭಾಷೆ ಬಾರದೆ ತಿರುಗಾಡುವಾಗಲೂ ನಾನು ಹೆದರಿದವಳಲ್ಲ. ಹೆದರಿದ್ದು ದುಬೈಗೆ ವಾಪಸ್ ಬಂದ ಮೇಲೆ, ಅದೂ ಮನೆಗೆ ಹತ್ತು ನಿಮಿಷದ ದಾರಿ ಇರುವಾಗ.

ನಾವು ಉಳಿದುಕೊಂಡ ಹಳ್ಳಿಯಲ್ಲಿ ಒಂದು ಇಗರ್ಜಿ, ಒಂದು ಬ್ರೆಡ್ಡಿನ ಅಂಗಡಿ, ಉಳಿದದ್ದೆಲ್ಲ ದ್ರಾಕ್ಷಿ ತೋಟ. ಬೆಳಿಗ್ಗೆ ಎದ್ದು ಗಂಡನೂ ನಾನೂ ಬಳ್ಳಿಗಳ ಸಾಲಿನ ನಡುವೆ ನಡೆಯುತ್ತಿದ್ದೆವು. ದುಬೈಯ ಅಂಚಿನ ಅಲ್ ನಹ್ದಾದಲ್ಲಿ ಹದಿಮೂರನೇ ಮಾಳಿಗೆಯಲ್ಲಿ ಇರುವವಳಿಗೆ ಕಾಲಿಗೆ ಮಣ್ಣು ತಾಗಿದ್ದೇ ದೊಡ್ಡ ಸಂಗತಿ. ಮನೆಯೊಡತಿ, ಎಂಬತ್ತರ ಹತ್ತಿರದ ಅಜ್ಜಿ, ನೆಲಮಾಳಿಗೆಗೆ ಕರೆದುಕೊಂಡು ಹೋಗಿ ತಾನೇ ಮಾಡಿದ ವೈನ್ ಕುಡಿಸಿದಳು. ಬೆಲ್ಲ ಹಾಕದ ಪುನರ್ಪುಳಿ ಶರಬತ್ತಿನ ಹಾಗೆ ಹುಳಿಹುಳಿಯಾಗಿತ್ತು. ಚೆನ್ನಾಗಿದೆ ಎಂದು ತಲೆಯಾಡಿಸಿದ್ದೇ ತಪ್ಪಾಯಿತು, ಹೊರಡುವ ದಿನ ಒಂದು ಬಾಟಲಿ ತಂದು ಕೈಗಿಟ್ಟಳು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ನೈಟಿಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟೆ. ದುಬೈಗೆ ಒಂದು ಬಾಟಲಿ ತಂದರೆ ಯಾರೂ ಏನೂ ಅನ್ನುವುದಿಲ್ಲ.

ದುಬೈ ಏರ್‌ಪೋರ್ಟಿನಿಂದ ನಮ್ಮನ್ನು ಕರೆದೊಯ್ಯಲು ಬಂದವರು ಭಾಯ್. ಗಂಡನ ಆಫೀಸಿನವರು, ನಮ್ಮೂರ ಕಡೆಯ ಬ್ಯಾರಿಗಳು, ಒಂದು ಹೊತ್ತಿನ ನಮಾಜೂ ತಪ್ಪಿಸದವರು. ನಮ್ಮ ಮನೆಯಿಂದ ರಸ್ತೆ ದಾಟಿದರೆ ಅವರ ಮನೆ, ಆದರೆ ರಸ್ತೆಯ ಆಚೆ ಶಾರ್ಜಾ, ಬೇರೆಯೇ ಎಮಿರೇಟ್, ಬೇರೆಯೇ ಕಾನೂನು. ಅಲ್ಲಿ ಕುಡಿಯುವುದು ಹಾಗಿರಲಿ, ಕಾರಿನಲ್ಲಿ ಬಾಟಲಿ ಇದ್ದರೂ ಕೇಸು. ನಮ್ಮೆರಡು ಮನೆಗಳ ನಡುವೆ ಒಂದು ರೂಢಿ ಇತ್ತು. ಪ್ರಯಾಣ ಮುಗಿಸಿ ಬಂದವರು ಆ ದಿನ ಒಲೆ ಹಚ್ಚಬಾರದು, ನೇರ ಇನ್ನೊಬ್ಬರ ಮನೆಗೆ ಊಟಕ್ಕೆ ಹೋಗಬೇಕು. ಮಂಕು ಬಡಿದ ನನಗೆ ಇದು ನೆನಪಾದದ್ದು ಕಾರು ಶಾರ್ಜಾ ಕಡೆ ತಿರುಗಿದಾಗ. ಹೆಂಡತಿ ಅಕ್ಕಿ ರೊಟ್ಟಿಯಂಥ ಪತ್ತಿರ್, ಕೋಳಿ ಸಾರು ಮಾಡಿ ಕಾಯುತ್ತಿದ್ದಾಳೆ ಎಂದರು ಭಾಯ್.

ಮುಂದಿನ ಸೀಟಿನಿಂದ ಗಂಡ ನನ್ನತ್ತ ತಿರುಗಿ ನೋಡಿದ. ಹೇಳಬೇಕಿತ್ತು. ಆದರೆ ನಿಮ್ಮ ಕಾರಿನಲ್ಲಿ ವೈನ್ ಇದೆ ಎಂದು ಆ ಮನುಷ್ಯನಿಗೆ ಹೇಗೆ ಹೇಳುವುದು ಮಾರಾಯ್ರೆ? ಹತ್ತು ನಿಮಿಷ ತಾನೇ ಎಂದುಕೊಂಡೆ.

ಶಾರ್ಜಾ ಹೊಕ್ಕು ಮೊದಲ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನ ಕಾರು ಬಂದು ನಮಗೆ ಗುದ್ದಿತು.

ಇಲ್ಲಿ ಸಣ್ಣ ಗೀರು ಬಿದ್ದರೂ ಪೊಲೀಸರ ಕಾಗದ ಇಲ್ಲದೆ ಗ್ಯಾರೇಜಿನವರು ಕಾರು ಮುಟ್ಟುವುದಿಲ್ಲ. ಭಾಯ್ ಫೋನ್ ಮಾಡಿದರು. ಡಿಕ್ಕಿಯ ಮುಚ್ಚಳ ನಜ್ಜಾಗಿ ಅರ್ಧ ಎದ್ದು ನಿಂತಿತ್ತು. ಒಳಗೆ ಬಾಟಲಿ ಒಡೆದಿದ್ದರೆ? ವಾಸನೆ ಬಂದರೆ? ಕಾರು ಭಾಯ್ ಹೆಸರಿನಲ್ಲಿದೆ, ಹಿಡಿದರೆ ಮೊದಲು ಹಿಡಿಯುವುದು ಅವರನ್ನೇ. ಕೆಲಸ, ವೀಸಾ, ಮೂರು ಮಕ್ಕಳ ಶಾಲೆ, ಎಲ್ಲ ಖಲಾಸ್. ಬಂದ ಪೊಲೀಸ್ ಮುಚ್ಚಳ ಎತ್ತಿಸಿ, ನಮ್ಮ ಸೂಟ್‌ಕೇಸಿನ ಮೇಲೆಯೇ ಕೈಯೂರಿ ಒಳಗೆ ಬಗ್ಗಿದ. ಕೊನೆಗೆ ಕಾಗದ ಕೊಟ್ಟು, ಯಲ್ಲಾ, ಹೊರಡಿ ಎಂದು ಕಳಿಸಿದ.

ಭಾಯ್ ಮನೆಯಲ್ಲಿ ನಾನು ಅರ್ಧ ಪತ್ತಿರಿಗೇ ಕೈ ತೊಳೆದೆ. ಊಟವಾದ ಮೇಲೆ ನಮ್ಮನ್ನು ಬಿಡಲು ಭಾಯ್ ಕಾರಿನ ಕೀಲಿ ತೆಗೆದುಕೊಂಡರು. ಮತ್ತೆ ಅದೇ ರಸ್ತೆ, ಅದೇ ಸೂಟ್‌ಕೇಸ್. ನನ್ನಿಂದ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ನಿಮಗೆ ಬೇಜಾರಾಗುತ್ತದೆ ಎಂದು ಹೆದರಿ ಸುಮ್ಮನಿದ್ದೆ ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು. ಒಳಗೆ ಆಡುತ್ತಿದ್ದ ಮಕ್ಕಳ ಕಡೆ ಒಮ್ಮೆ ನೋಡಿ, ಕೀಲಿಯನ್ನು ಮೇಜಿನ ಮೇಲಿಟ್ಟರು.

"ನನ್ನ ಬೇಜಾರಿಗೆ ಹೆದರಿದ್ರಿ ಅಕ್ಕ. ಇವರು ನೆನಪಾಗ್ಲಿಲ್ವಾ?"

ನಾವು ಸೂಟ್‌ಕೇಸ್ ಎಳೆದುಕೊಂಡು ನಡೆದೇ ರಸ್ತೆ ದಾಟಿದೆವು. ಮನೆಗೆ ಬಂದು, ಒಡೆಯದೆ ಉಳಿದಿದ್ದ ಬಾಟಲಿಯ ವೈನನ್ನು ಸಿಂಕಿಗೆ ಸುರಿದೆ.

ಎರಡು ತಿಂಗಳ ಮೇಲೆ ಭಾಯ್ ಮನೆಯವರು ಊರಿಗೆ ಹೋಗಿ ಬಂದರು. ನಾನು ಬೆಳಿಗ್ಗೆಯಿಂದ ನಿಂತು ಅನ್ನ, ಬಂಗುಡೆ ಸಾರು ಮಾಡಿ ಕಾದೆ. ಮಕ್ಕಳಿಗೆ ಸುಸ್ತಾಗಿದೆ, ಟ್ಯಾಕ್ಸಿಯಲ್ಲಿ ನೇರ ಮನೆಗೆ ಬಂದುಬಿಟ್ಟೆವು ಎಂದು ಅವರ ಹೆಂಡತಿ ಫೋನ್ ಮಾಡಿದಳು. ಆ ಸಾರನ್ನು ನಾವಿಬ್ಬರೇ ಎರಡು ದಿನ ಉಂಡೆವು.