ಮುಖ ನೋಡಿ ಬಳೆ ಇಡಿಸುವ ಜೋಹರಾ

ನಂದಗಡದ ಸತ್ಯಪ್ಪನವರ ಪಡಸಾಲೆಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಅವರ ಮಗಳು, ಮದುಮಗಳು ತ್ರಿವೇಣಿ ಗೋಡೆಗೆ ಒರಗಿ ಕೂತಿದ್ದಾಳೆ. ಎದುರಿಗೆ ಖಾನಾಪುರದ ಬಳೆಗಾರ್ತಿ ಜೋಹರಾ. ಹಸಿರು ಗಾಜಿನ ಬಳೆಗಳನ್ನು ಬಿಡಿಸಿಟ್ಟುಕೊಂಡರೂ ಅವರು ಕೆಲಸ ಶುರುಮಾಡುತ್ತಿಲ್ಲ. ದೀಪ ಹಾಕಿಸುತ್ತಾರೆ, ಹುಡುಗಿಯನ್ನು ಅದರತ್ತ ತಿರುಗಿಸಿ ಕೂಡಿಸುತ್ತಾರೆ.

“ನೋವಾದ್ರ ತಡಕೋಬ್ಯಾಡ ತಂಗಿ, ಮಾರಿ ಮ್ಯಾಲ ಬರಲಿ. ನನ್ನ ಕೈಬಟ್ಟಿಗೆ ಏನೂ ತಿಳ್ಯಾಂಗಿಲ್ಲ. ನಿನ್ನ ಮಾರಿ ನೋಡೇ ಇಡಸಬೇಕು.”

ಬಾಗಿಲಲ್ಲಿ ನಿಂತ ಸೋದರತ್ತೆ ಸಾವಂತ್ರವ್ವನಿಗೆ ಸಮಾಧಾನವಿಲ್ಲ. ಲಗ್ನದ ಬಳೆ ಒಡೆಯಬಾರದು, ಬೇರೆ ಯಾರನ್ನಾದರೂ ಕರೆಸೋಣ ಎಂದು ನಿನ್ನೆಯೇ ಹೇಳಿದ್ದರಂತೆ. ತ್ರಿವೇಣಿ ಒಪ್ಪಲಿಲ್ಲ. ಚಿಕ್ಕಂದಿನಿಂದ ಅವಳ ಕೈಗೆ ಬಳೆ ಇಡಿಸಿದ್ದು ಜೋಹರಾ ಒಬ್ಬರೇ.

ಜೋಹರಾಗೆ ಈಗ ಮೂವತ್ತೆಂಟು ವರ್ಷ. ಲಗ್ನವಾಗಿ ಖಾನಾಪುರಕ್ಕೆ ಬಂದ ಮೇಲೆ ಅತ್ತೆಯಿಂದ ಕಲಿತ ಕಸುಬು ಇದು. ಹೆಬ್ಬೆರಳನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಒತ್ತಿ, ಎಲುಬು ಸಡಿಲ ಬಿಟ್ಟ ಗಳಿಗೆಗೆ ಬಳೆ ದಾಟಿಸಬೇಕು. ಆ ಗಳಿಗೆ ಬೆರಳಿಗೇ ಗೊತ್ತಾಗುತ್ತಿತ್ತು. ಕೈ ಕೆಲಸ ಮಾಡುತ್ತಿದ್ದರೆ ಅವರು ಸಂತೆಗೆ ಬಂದವರನ್ನೆಲ್ಲ ಮಾತಾಡಿಸುತ್ತ ಕೂತಿರುತ್ತಿದ್ದರು.

ಮೂರು ವರ್ಷದ ಹಿಂದೆ, 1998ರ ಬೇಸಿಗೆಯಲ್ಲಿ ಒಂದು ದಿನ ಮನೆಗೆ ಬಂದು ನೋಡಿಕೊಂಡರೆ ಬಲಗಾಲಲ್ಲಿ ಚಪ್ಪಲಿಯೇ ಇರಲಿಲ್ಲ. ದಾರಿಯಲ್ಲಿ ಎಲ್ಲಿ ಕಳಚಿತೋ, ಪಾದಕ್ಕೆ ತಿಳಿದಿರಲಿಲ್ಲ. ಆಮೇಲೆ ಮುಖ ತೊಳೆಯಲು ಕಣ್ಣು ಮುಚ್ಚಿದರೆ ವಾಲಿ ಬೀಳತೊಡಗಿದರು. ಕ್ರಮೇಣ ಬೆರಳುಗಳೂ ಮರಗಟ್ಟಿದವು. ಹಿಡಿತ ಎಷ್ಟು ಬಿಗಿಯಾಯಿತೆಂದು ಅಂದಾಜು ಸಿಗದೆ ಬಳೆಗಳು ಅಂಗೈಯಲ್ಲೇ ಒಡೆದವು. ಒಮ್ಮೆ ಸಂತೆಯಲ್ಲಿ ಹುಡುಗಿಯೊಬ್ಬಳ ಮಣಿಕಟ್ಟಿಗೆ ಗಾಜು ಚುಚ್ಚಿತು.

“ರಕ್ತ ಕಾಣಸ್ತು. ಅಕೀದೋ ನಂದೋ ತಿಳೀಲಿಲ್ರೀ. ನೋಡಿದ್ರ ಇಬ್ಬರದೂ ಇತ್ತು,” ಎನ್ನುತ್ತಾರೆ ಜೋಹರಾ. ಅಂದು ಮುಚ್ಚಿದ ಬಳೆಯ ಪೆಟ್ಟಿಗೆಯನ್ನು ಅವರು ತಿಂಗಳುಗಟ್ಟಲೆ ತೆರೆಯಲಿಲ್ಲ.

ಗಂಡ ಇಮಾಮಹುಸೇನ ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಮಾಡುತ್ತಾರೆ. ಅಂಗಡಿ ಮುಚ್ಚಿ ಹೆಂಡತಿಯನ್ನು ಬೆಳಗಾವಿಗೆ ಕರೆದೊಯ್ದರು. ಸ್ಕ್ಯಾನ್ ನೋಡಿದ ನರರೋಗದ ಡಾಕ್ಟರು ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗಿದೆ, ಕೈಕಾಲಿಗೆ ಬಲವಿದ್ದರೂ ಮುಟ್ಟಿದ ಸುದ್ದಿ ಮಿದುಳಿಗೆ ಸರಿಯಾಗಿ ತಲುಪುತ್ತಿಲ್ಲ ಎಂದು ವಿವರಿಸಿದರು. ಪೂರ್ತಿ ವಾಸಿಯಾಗುವ ಮಾತನ್ನು ಆಡಲಿಲ್ಲ.

ಬೆಳಗಾವಿಯ ಹಿಂದವಾಡಿಯಲ್ಲಿ ವ್ಯಾಯಾಮ ಚಿಕಿತ್ಸೆ ಮಾಡುವ ಶೀತಲ ಜೋಹರಾಗೆ ಕಾಲು ಅಗಲಿಸಿ, ನೆಲ ನೋಡುತ್ತ ನಡೆಯುವುದನ್ನು ಕಲಿಸಿದರು. ಒಂದು ದಿನ ಜೋಹರಾ, ನಡೆದು ಹೋಗುವುದಾದರೂ ಎಲ್ಲಿಗೆ, ಕಸುಬೇ ಹೋಯಿತಲ್ಲ ಎಂದು ಅತ್ತರು. ಶೀತಲ ತಮ್ಮ ಕೈ ಮುಂದೆ ಚಾಚಿದರು.

“ಒಡದ್ರ ಒಡೀಲಿ. ನನ್ನ ಕೈಗೆ ಇಡಸ್ರಿ.”

ಜೋಹರಾ ಒಪ್ಪಲಿಲ್ಲ. ಆದರೆ ಮುಂದಿನ ವಾರ ಬರುವಾಗ ಚೀಲದಲ್ಲಿ ಬಳೆ ತಂದಿದ್ದರು. ಮೊದಲೆರಡು ಒಡೆದವು, ಶೀತಲ ಅವರ ಕೈ ತುಸು ತರಚಿತು. ಮೂರನೆಯದನ್ನು ದಾಟಿಸುವಾಗ ಅವರ ಹುಬ್ಬು ಗಂಟಿಕ್ಕಿದ್ದು ಜೋಹರಾಗೆ ಕಂಡಿತು. ಥಟ್ಟನೆ ಕೈ ಸಡಿಲ ಬಿಟ್ಟರು. ಬಳೆ ಉಳಿಯಿತು.

“ಅವತ್ತ ಅನಿಸ್ತ್ರೀ, ನನಗ ತಿಳೀಲಿಲ್ಲಂದ್ರ ಏನಾತು, ಎದುರಿನಾಕೀಗಿ ತಿಳೀತೈತಲ್ಲ.”

ಪಡಸಾಲೆಯಲ್ಲಿ ಈಗ ಜೋಹರಾ ಯಾರ ಜೊತೆಗೂ ಮಾತಾಡುತ್ತಿಲ್ಲ. ತ್ರಿವೇಣಿಯ ಕೆಳರೆಪ್ಪೆ ಅದುರಿದರೆ ನಿಲ್ಲುತ್ತಾರೆ, ಸಾಬೂನಿನ ನೀರು ಹಚ್ಚಿ ಮತ್ತೆ ಒತ್ತುತ್ತಾರೆ. ಮೊದಲು ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಬಹಳ ಹೊತ್ತು ಬೇಕು. ಎರಡೂ ಕೈ ತುಂಬಿದಾಗ ಬಿಸಿಲು ಅಂಗಳಕ್ಕೆ ಬಂದಿದೆ. ಒಂದು ಬಳೆಯೂ ಒಡೆದಿಲ್ಲ. ಸಾವಂತ್ರವ್ವ ಬಂದು ಎದುರಿಗೆ ಕೂತು ತಮ್ಮ ಕೈ ಚಾಚುತ್ತಾರೆ.

ಕೆಲಸ ಮುಗಿಸಿ ಚಹಾ ಕುಡಿಯುವಾಗ ಜೋಹರಾ ಮಗಳ ಸುದ್ದಿ ತೆಗೆಯುತ್ತಾರೆ. ಅರೀಬಾ ಮೂರನೇ ತರಗತಿಯಲ್ಲಿದ್ದಾಳೆ. ಹೋದ ವರ್ಷ ದೀಪಾವಳಿಯ ಸುಮಾರಿಗೆ ಜೋಹರಾರ ಎಡಗೈಗೆ ತಾನಾಗಿಯೇ ಸ್ಪರ್ಶ ಮರಳಿತ್ತು. ವ್ಯಾಪಾರದ ಭರಾಟೆಯ ದಿನಗಳು ಅವು. ಆದರೂ ಅವರು ಮನೆ ಬಿಟ್ಟು ಕದಲಲಿಲ್ಲ. ಮಗಳ ತಲೆಗೆ ಎಣ್ಣೆ ಹಚ್ಚುತ್ತ, ಬಾಚುತ್ತ, ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತ ಕೂತರು. ಕೆಲವೇ ದಿನಗಳಲ್ಲಿ ಬೆರಳು ಮತ್ತೆ ಮರಗಟ್ಟಿತು.

“ಮತ್ತ ಬಂದ್ರ ಛಲೋ ಆತು,” ಎನ್ನುತ್ತಾರೆ ಜೋಹರಾ. “ಬರಲಿಲ್ಲಂದ್ರೂ ಅಕೀ ಕೂದಲಾ ಎಷ್ಟ ಮೆತ್ತಗ ಅದಾವು ಅನ್ನೂದು ನನಗ ನೆಪ್ಪೈತ್ರಿ.”